ಒಂದೇ ಎತ್ತರದ ಪುಸ್ತಕಗಳು

ಹಿರೇಕೆರೂರು
೧೪ ನವೆಂಬರ್ ೧೯೩೮

ನನ್ನ ಮರಿಯಮಾ,

ಪುಸ್ತಕ ಒಯ್ಯಾಕ ಶುಕ್ರವಾರ ಬರ್ತೇನಿ ಅಂತ ಬರದೀಯಲ್ಲ, ಆ ಕಾಗದ ಓದಿದಾಗಿಂದ ನನಗ ಊಟ ಸೇರವಲ್ಲದು. ನೀ ಬರೂಕಿಂತ ಮೊದಲ ಒಂದು ಮಾತು ಹೇಳಬೇಕು. ಎದುರಿಗೆ ನಿಂತು ಹೇಳೂ ಮಾರಿ ನನಗಿಲ್ಲ.

ನಿಮ್ಮ ಅಬ್ಬಾ, ನಮ್ಮ ದಸ್ತಗೀರಕಾಕಾ, ತೀರಿಕೊಂಡ ಮ್ಯಾಲ ಸವಣೂರಿನ ಮನಿ ಸೋರತೈತಿ ಅಂತ ಅವರ ಪುಸ್ತಕ ನನ್ನ ಹತ್ರ ಇಟ್ಟು ಹೋದಿ. ಮಳಿಗಾಲ ಮುಗಿಯೂತನಕ ಜ್ವಾಕಿ ಅಂದಿದ್ದಿ.

ಸಣ್ಣಾಕಿ ಇದ್ದಾಗ ನಾ ನಿನ್ನ ಜೋಡಿ ಆಡಾಕ ಬರತಿದ್ದೆ ಅಂತ ಎಲ್ಲಾರೂ ತಿಳಕೊಂಡಿದ್ದರು. ಖರೇ ಹೇಳತೇನಿ, ನಾ ಬರತಿದ್ದದ್ದು ಆ ಪುಸ್ತಕದ ಖೋಲಿ ನೋಡಾಕ. ಗೋಡಿ ತುಂಬ ಪುಸ್ತಕ, ನಡುವ ಒಣಗಿದ ಬೇವಿನ ಎಲಿ, ಆ ವಾಸನಿ ನನಗ ಇನ್ನೂ ನೆನಪೈತಿ. ಕಾಕಾ ಕಥಿ ಓದೋರು. ನೀ ನಕ್ಕರ ಓದೂದು ನಿಲ್ಲಿಸಿ ಸೀಸಕಡ್ಡಿಲೆ ಅಂಚಿನಾಗ ಏನೋ ಗೀಚೋರು. ಮಾಸ್ತರಿಕಿ ಚಟ ಅಂತ ನಾವು ಆಡಿಕೊಳತಿದ್ವಿ. ಅಂಥಾದೊಂದು ಖೋಲಿ ನನಗೂ ಇರಬೇಕು ಅಂತ ಆಗಿಂದ ಆಸೆ.

ಈ ಸಲ ಇವರು ಹುಬ್ಬಳ್ಳಿಯಿಂದ ಗಾಜಿನ ಕಪಾಟು ತರಿಸಿದರು. ನಿಮ್ಮ ಪುಸ್ತಕ ಅದರಾಗ ಜೋಡಿಸಿದೆ. ಒಂದು ಉದ್ದ, ಒಂದು ಗಿಡ್ಡ, ಒಂದರ ಬೆನ್ನು ಹರದದ್ದು. ದೀಪಾವಳಿಗೆ ಹತ್ತಿ ವ್ಯಾಪಾರದವರ ಮನಿ ಹೆಣ್ಣುಮಕ್ಕಳು ಬರೋರಿದ್ದರು. ರಟ್ಟು ಕಟ್ಟೂ ಗೋಣೆಪ್ಪನ್ನ ಕರಸಿ, ಎಲ್ಲಾಕ್ಕೂ ಕೆಂಪು ಅರಿವಿ ರಟ್ಟು ಹಾಕು ಅಂದೆ. ಅಂವ ರಟ್ಟು ಹಾಕಿದ್ದಲ್ಲದ, ಎಲ್ಲಾ ಒಂದೇ ಎತ್ತರಕ್ಕ ಬರಲಿ ಅಂತ ಅಂಚೂ ಕತ್ತರಿಸಿಬಿಟ್ಟ. ನಾ ಒಳಗ ಹೋಳಿಗಿ ಮಾಡಾಕತ್ತಿದ್ದೆ, ಗೊತ್ತಾಗಲಿಲ್ಲ.

ಕಪಾಟು ಎಷ್ಟು ಚಂದ ಕಂಡಿತು ಅಂದರ, ಬಂದವರು ಕುಂಕುಮ ತಗೊಳ್ಳೂದು ಬಿಟ್ಟು ಅದರ ಮುಂದ ನಿಂತರು. ಇವೆಲ್ಲಾ ನಿಮ್ಮವೇನ್ರಿ ಅಂತ ಕೇಳಿದರು. ಹೂಂ ಅಂದೆ. ಇದೂ ನಿನಗ ಗೊತ್ತಿರಲಿ.

ಮೊನ್ನೆ ನಿನ್ನ ಕಾಗದ ಬಂತು. ಅಬ್ಬಾನ ಕೈಬರಹ ತೋರಿಸಿ ತೋರಿಸಿ ಮಗಳಿಗೆ ಕಥಿ ಓದಿ ಹೇಳತೇನಿ ಅಂತ ಬರದಿದ್ದಿ. ಕಪಾಟು ತೆಗೆದು ಒಂದೊಂದ ಪುಸ್ತಕ ನೋಡಿದೆ. ಬರಹ ಇರಲಿಲ್ಲ. ಗೋಣೆಪ್ಪನ ಅಂಗಡಿಗೆ ಓಡಿದೆ. ಕತ್ತರಿಸಿದ ತುಣುಕೆಲ್ಲಾ ನಮ್ಮ ಮನಿಯಿಂದ ಒಯ್ದು ಅಂಟು ಕುದಿಸೂ ಒಲಿಗೆ ಹಾಕಿದ್ದ. ಮೂಲ್ಯಾಗ ಒಂದು ಹಿಡಿ ಉಳಿದಿತ್ತು. ಅದರಾಗಿನ ಒಂದು ಪಟ್ಟಿ ಇದರ ಜೋಡಿ ಇಟ್ಟೇನಿ. ಕಾಕಾನ ಅಕ್ಷರ: ಇಲ್ಲಿ ಮರಿಯಮ ನಕ್ಕಳು.

ಅಷ್ಟು ವರ್ಷ ಅವರು ಗೀಚತಿದ್ದದ್ದು ಅದು. ನನಗ ನಾಚಿಕಿಲೆ ಕನ್ನಡಿ ನೋಡಾಕ ಆಗವಲ್ಲದು. ಕಪಾಟಿನ ಗಾಜಿನಾಗೂ ನನ್ನ ಮಾರಿ ಕಾಣತೈತಿ ಅಂತ ಅದಕ್ಕ ಹಚ್ಚಡ ಹೊಚ್ಚೇನಿ.

ಬಾ. ಬೈಯಾಕರ ಬಾ.

ನಿನ್ನ
ಮಾದೇವಿ

ತಾ.ಕ.: ಗೋಣೆಪ್ಪನ ಮ್ಯಾಲ ಸಿಟ್ಟಾಗಬ್ಯಾಡ. ಹೋಳಿಗಿ ಮಾತು ಸುಳ್ಳು. ಅಂವ ಕತ್ತರಿಸೂಕಿಂತ ಮೊದಲ ಪುಸ್ತಕ ತೆರೆದು ನನಗ ತೋರಿಸಿದ್ದ. ಅಂಚಿನಾಗ ಯಾರೋ ಬರದಾರ್ರಿ ಅಕ್ಕಾರ, ಇದು ಹೋಗತೈತಿ ಅಂದಿದ್ದ. ಹೋದರ ಹೋಗಲಿ, ಸಾಲು ಸಮ ಕಾಣಬೇಕು ಅಂದಾಕಿ ನಾನ.