ಅವ್ವ ಹುರಿದ ಹತ್ತಿಬೀಜ

ಮುಯೆಡಾ, ಮೊಜಾಂಬಿಕ್
ಜೂನ್ ೧೯೭೬

ಅವ್ವಾ,

ಬದುಕಿದ್ದಾಗಲೂ ನಿನಗೆ ಓದು ಬರುತ್ತಿರಲಿಲ್ಲ. ಆದರೂ ಇವತ್ತಿನ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು. ನಿನ್ನ ಹೊಲದಲ್ಲಿ ಹತ್ತಿಕಾಯಿ ಒಡೆದಿದೆ.

ಮಳೆ ಶುರುವಾದಾಗ, ಪೋರ್ಚುಗೀಸರು ಹೋದ ಮೇಲೆ ಬಂದ ನಮ್ಮದೇ ಸರ್ಕಾರದವನೊಬ್ಬ ಹತ್ತಿಬೀಜ ತಂದಿದ್ದ. "ಬೇಕಾದೋರು ಬಿತ್ಕೊಳ್ಳಿ, ಬಲವಂತ ಏನಿಲ್ಲ" ಅಂದ. ನಮ್ವಾಕ ಚಿಕ್ಕಮ್ಮ ನನ್ನ ಕಿವಿಯಲ್ಲಿ, "ಹುರಿದು ಬಿತ್ತೋಣವೇನೇ, ನಿಮ್ಮವ್ವನ ಥರ?" ಅಂದಳು. ನಾನು ಹಸಿಬೀಜವನ್ನೇ ಬಿತ್ತಿದೆ.

ಪೋರ್ಚುಗೀಸರು ಹತ್ತಿ ಬೆಳೆಯಲೇಬೇಕೆಂದಾಗ, ನಮ್ಮ ಊಟದ ಜೋಳಕ್ಕೆ ಹೊಲ ಉಳಿಯಲೆಂದು ನೀನು ಬೀಜ ಮೊಳೆಯದಂತೆ ಹುರಿದು ಬಿತ್ತುತ್ತಿದ್ದೆ. "ಈ ಮಣ್ಣಿಗೆ ಹತ್ತಿ ಒಗ್ಗಲ್ಲ ಬುದ್ಧಿ" ಅಂತ ಅವರ ಮುಂದೆ ತಲೆ ತಗ್ಗಿಸಿ ಹೇಳುತ್ತಿದ್ದೆ. ಗುಟ್ಟು ಗೊತ್ತಾದ ದಿನ ಹಲಗೆಯಿಂದ ನಿನ್ನ ಅಂಗೈಗೆ ಬಾರಿಸಿದರು. ಬಾತ ಆ ಕೈಗಳನ್ನು ನೋಡಿದ ಮೇಲೆಯೇ ಲಿಕೂತಣ್ಣ ಕಾಡಿಗೆ ಹೋಗಿ ಅವರ ವಿರುದ್ಧ ಬಂದೂಕು ಹಿಡಿದದ್ದು. ಯುದ್ಧ ಯಾಕಾಯಿತೆಂದು ಮಕ್ಕಳು ಕೇಳಿದರೆ, ನೀನು ಬೀಜ ಹುರಿದ ಮಡಕೆ ತೋರಿಸುತ್ತೇನೆ.

ಇವತ್ತು ಚಿಕ್ಕಮ್ಮ ಎದೆಯೆತ್ತರದ ಗಿಡ ನೋಡಿ, "ಎಂಥಾ ಸುಳ್ಳಿ ಕಣೇ ನಿಮ್ಮವ್ವ" ಅಂತ ನಕ್ಕಳು. ಅಷ್ಟು ದೊಡ್ಡ ಹೊಗಳಿಕೆಯನ್ನು ನಾನು ಯಾರ ಬಗ್ಗೆಯೂ ಕೇಳಿಲ್ಲ.

ಮೊದಲು ಬಿಡಿಸಿದ ಹತ್ತಿಯನ್ನು ದಿಂಬಿಗೆ ತುಂಬಿ ಅಣ್ಣನ ಚಾಪೆಯ ಮೇಲೆ ಇಟ್ಟಿದ್ದೇನೆ. ಕಾಡಿಗೆ ಹೋದವರಲ್ಲಿ ಒಬ್ಬೊಬ್ಬರು ಈಗಲೂ ಮನೆಗೆ ಮರಳುತ್ತಿದ್ದಾರಂತೆ.