ಫಟಫಟಿಗೆ ಬಂಡಿಯ ಎಣ್ಣೆ

ಹುಮನಾಬಾದ, 1941

ತುಳಜಾರಾಮ,

ನಿನ್ನನ್ನು ಅಣ್ಣ ಎನ್ನಲು ಬಾಯಿ ಬರುವುದಿಲ್ಲ. ನೀನು ಕಲ್ಯಾಣದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದೆ. ನೀನು ಬಿಟ್ಟುಹೋದ ಫಟಫಟಿ ಮೋಟಾರ್ ಸೈಕಲ್ಲನ್ನು ಮಾರಿಬಿಡಬೇಕೆಂದು ಇವತ್ತು ನಾನು ಅಂಗಳದಲ್ಲಿ ಅದರ ಹಿಂದಿನ ಗಾಲಿ ಬಿಚ್ಚಿದೆ. ಬೇರಿಂಗಿನ ತುಂಬ ಬಂಡಿಗೆ ಹಾಕುವ ಔಡಲೆಣ್ಣೆ, ಸುಟ್ಟ ಹುಲ್ಲಿನ ಮಸಿ. ಗುಂಡುಗಳು ಕಚ್ಚಿಕೊಂಡು ಕೂತಿದ್ದವು.

“ಇದೇನ ಎತ್ತಿನ ಬಂಡಿ ಅದಾ? ಹರಾಮಖೋರಗ ಅಷ್ಟೂ ಅಕ್ಕಲ ಇಲ್ಲ!” ಎಂದು ಬೈದೆ.

ನಿನ್ನ ಹೆಂಡತಿ, ನಮ್ಮ ಸರುಬಾಯಿ ವೈನಿ, ಹೊರಗೆ ಬಂದರು. “ಅವರಿಗಿ ಬೈಬ್ಯಾಡ್ರಿ. ನಾನೇ ಹಾಕೀನಿ. ಅಮಾಸಿಗೊಮ್ಮೆ ಬಂಡಿಗಿ ಹಾಕೂವಾಗ ಇದಕ್ಕೂ ಹಾಕ್ತೀನಿ. ಅವರು ಬಂದಾಗ ಗಾಲಿ ತಿರುಗಬೇಕಲ್ಲ?”

ಎಲ್ಲ ತೊಳೆದು, ಗ್ರೀಸ್ ತುಂಬಿ, ಗಾಲಿ ಕೂಡಿಸಿದೆ. ವೈನಿ ಮತ್ತೆ ಎಣ್ಣೆ ಬಟ್ಟಲು ತಂದರು.

ನೀನು ಬಂದರೆ ಕಾಲು ಮುರಿಯಬೇಕೆಂದಿರುವ ನಾನೇ, ಅವರು ಎಣ್ಣೆ ಬಿಡಲೆಂದು ಗಾಲಿ ತಿರುಗಿಸುತ್ತ ಕೂತೆ.