ಪರೀಕ್ಷೆಗೆಂದು ಬರೆದ ಹೆಸರು

ಬಾಳೆಗುಳಿ, ಅಂಕೋಲಾ
ಭಾನುವಾರ, ೯ ನವೆಂಬರ್ ೨೦೦೮

ಪ್ರೀತಿಯ ಅಪ್ಪಾ,

ಅಮ್ಮ ಕ್ಷೇಮವಾಗಿದ್ದಾಳೆ. ಇದನ್ನೇ ಮೊದಲು ಬರೆಯುತ್ತಿದ್ದೇನೆ, ಏಕೆಂದರೆ ಶುಕ್ರವಾರ ನನ್ನ ಮಾತನ್ನು ನೀನು ಪೂರ್ತಿ ನಂಬಿದಂತೆ ಕಾಣಲಿಲ್ಲ. ಅವಳಿಗೆ ಏನೂ ಆಗಿಲ್ಲ. ಅಂಗನವಾಡಿ ಕೆಲಸಕ್ಕೆ ನಡೆದೇ ಹೋಗಿ ಬರುತ್ತಾಳೆ, ಮಂಡಿನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ನೀನು ಹೇಗಿದ್ದೀಯಾ? ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದೆ, ಗಾಯ ಮಾಯುತ್ತಿದೆಯಾ? ಎಂಜಿನ್ನಿನ ಎಣ್ಣೆ ತಾಗಿಸಿಕೊಳ್ಳಬೇಡ. ಊಟ ಎಲ್ಲಿ ಮಾಡುತ್ತೀಯಾ? 'ನೀವು' ಎಂದು ಬರೆಯಲು ಹೋದೆ. ಬೇರೆ ಯಾರಿಗೋ ಬರೆದ ಹಾಗಾಯಿತು, ಹೊಡೆದು ಹಾಕಿದೆ. ಏಳನೇ ಇಯತ್ತೆಯಲ್ಲಿದ್ದಾಗ ಹೇಗೆ ಕರೆಯುತ್ತಿದ್ದೆನೋ ಹಾಗೆಯೇ ಕರೆಯುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ.

ರಕ್ತ ಬೇಕೆಂಬ ಆ ಸಂದೇಶ ನಿನಗೆ ಹೇಗೆ ಬಂತು ಎಂದು ಹೇಳಬೇಕು. ನಾನು ಈ ವರ್ಷ ಬಿಸಿಎ ಮುಗಿಸಿ ಕಾರವಾರದಲ್ಲಿ ಸತೀಶ ಸರ್ ಅವರ ಚಿಕ್ಕ ಕಂಪ್ಯೂಟರ್ ಕಂಪನಿಗೆ ಸೇರಿದ್ದೇನೆ. ಕಂಪನಿ ಎಂದರೆ ಎರಡು ಕೋಣೆ, ನಾಲ್ಕು ಜನ. ಅಲ್ಲಿಯ ರಕ್ತನಿಧಿಯವರಿಗೆ ಒಂದು ಪ್ರೋಗ್ರಾಮ್ ಮಾಡಿಕೊಡುತ್ತಿದ್ದೆವು. ಯಾರಿಗಾದರೂ ತುರ್ತಾಗಿ ರಕ್ತ ಬೇಕಾದರೆ ಆ ಗುಂಪಿನ ದಾನಿಗಳ ಮೊಬೈಲಿಗೆಲ್ಲ ಸಂದೇಶ ತಾನಾಗಿಯೇ ಹೋಗಬೇಕು. ನಾವು ಪ್ರೋಗ್ರಾಮ್ ಬರೆಯುವ ತಂತ್ರಾಂಶದಲ್ಲಿ ಒಂದೇ ಪ್ರೋಗ್ರಾಮನ್ನು ಬೇರೆ ಬೇರೆ ಬಗೆಯಲ್ಲಿ ಓಡಿಸಲು ಬೇರೆ ಬೇರೆ ಸೆಟ್ಟಿಂಗ್ ಮಾಡಿಟ್ಟುಕೊಳ್ಳಬಹುದು. ರನ್ ಕಾನ್ಫಿಗರೇಶನ್ ಅನ್ನುತ್ತಾರೆ. ನಿನಗೆ ತಿಳಿಯುವ ಹಾಗೆ ಹೇಳುವುದಾದರೆ, ಬೋಟಿನ ಎಂಜಿನ್ ಒಂದೇ, ಆದರೆ ಎರಡು ಟಾಕಿಗಳಿಂದ ಡೀಸೆಲ್ ಬರುತ್ತದೆ ಅಂದುಕೋ. ಯಾವ ಟಾಕಿಯ ನಳ ತೆರೆದಿದೆಯೋ ಅದರಿಂದ ಎಂಜಿನ್ ನಡೆಯುತ್ತದೆ. ನಾನು ಮೂರು ಮಾಡಿಟ್ಟಿದ್ದೆ. ಒಂದರಲ್ಲಿ ಸಂದೇಶ ಪರದೆಯ ಮೇಲಷ್ಟೇ ಕಾಣುತ್ತದೆ. ಇನ್ನೊಂದರಲ್ಲಿ ನನ್ನ ಮತ್ತು ಸರ್ ಫೋನಿಗೆ ಮಾತ್ರ ಹೋಗುತ್ತದೆ. ಮೂರನೆಯದು ನಿಜವಾದದ್ದು, ರಕ್ತನಿಧಿಯ ನಿಜವಾದ ದಾನಿಗಳಿಗೆ ಹೋಗುವಂಥದ್ದು. ಅದನ್ನು ಇನ್ನೂ ಯಾರೂ ಓಡಿಸುವ ಹಾಗಿರಲಿಲ್ಲ. ಮೇಲ್ಗಡೆ ಒಂದು ಹಸಿರು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕೊನೆಗೆ ಯಾವುದನ್ನು ಓಡಿಸಿದ್ದೆವೋ ಅದೇ ಮತ್ತೆ ಓಡುತ್ತದೆ.

ಪರೀಕ್ಷೆ ಮಾಡುವಾಗ ರೋಗಿಯ ಜಾಗದಲ್ಲಿ ಒಂದು ಹೆಸರು ಬೇಕಿತ್ತು. ತಟ್ಟನೆ ಕೈಗೆ ಬಂದದ್ದು ಅಮ್ಮನ ಹೆಸರು. ರೇಷನ್ ಕಾರ್ಡಿನಲ್ಲಿ ಇರುವ ಹಾಗೆಯೇ ಬರೆದೆ: ಗೋದಾವರಿ ಮಂಗೇಶ ನಾಯ್ಕ, ಬಾಳೆಗುಳಿ. ರಕ್ತದ ಗುಂಪೂ ಅವಳದ್ದೇ, ಓ ನೆಗೆಟಿವ್. ಅದರಲ್ಲಿ ನಿನ್ನ ಹೆಸರೂ ಇದೆ ಎಂಬುದು ಬರೆಯುವಾಗ ನನ್ನ ತಲೆಗೇ ಬರಲಿಲ್ಲ ಅಪ್ಪಾ.

ಶುಕ್ರವಾರ ನಾನು ಊಟಕ್ಕೆ ಹೋಗಿದ್ದಾಗ ಸತೀಶ ಸರ್ ನನ್ನ ಕುರ್ಚಿಯಲ್ಲಿ ಕೂತು, ದಾನಿಗಳ ಪಟ್ಟಿ ಸರಿಯಾಗಿ ತೆರೆಯುತ್ತದೆಯೇ ನೋಡಲು ಮೂರನೆಯದನ್ನು ಶುರು ಮಾಡಿ, ಸಂದೇಶ ಹೋಗುವ ಮೊದಲೇ ನಿಲ್ಲಿಸಿದ್ದರಂತೆ. ನನಗೆ ಹೇಳಲು ಮರೆತರು. ನಾನು ಬಂದವಳು ಎರಡನೆಯದೇ ಓಡುತ್ತದೆ ಎಂದುಕೊಂಡು ಎಂದಿನಂತೆ ಹಸಿರು ಗುಂಡಿ ಒತ್ತಿದೆ. ಪರದೆಯ ಮೇಲೆ 'ಕಳುಹಿಸಲಾಗಿದೆ' ಎಂದು ಒಂದರ ಕೆಳಗೊಂದು ಸಾಲು ಬೀಳತೊಡಗಿತು. ನನ್ನ ಫೋನು ಮಾತ್ರ ಸದ್ದು ಮಾಡಲಿಲ್ಲ. ಮೇಜಿನ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತೆ. ಆಮೇಲೆ ತಿಳಿಯಿತು, ಓಡುತ್ತಿರುವುದು ಮೂರನೆಯದು. ಇಂಟರ್ನೆಟ್ಟಿನ ಕೇಬಲ್ ಕಿತ್ತು ಎಸೆದೆ. ಅಷ್ಟರಲ್ಲಿ ಆ ಗುಂಪಿನವರಿಗೆಲ್ಲ ಹೋಗಿಯಾಗಿತ್ತು. ಸರ್ ಮುಖ ಸುಣ್ಣದಂತಾಯಿತು. "ಎಂತ ಮಾಡ್ದ್ಯೇ ಮಾರಾಯ್ತಿ!" ಅಂದರು. ತಕ್ಷಣ ಇನ್ನೊಂದು ಸಂದೇಶ ಕಳಿಸಿದೆವು, ಮೊದಲಿನದು ತಪ್ಪಾಗಿ ಬಂದದ್ದು, ಯಾರೂ ಬರಬೇಡಿ ಎಂದು. ಆದರೂ ಹೊರಟವರು ದಾರಿಯಲ್ಲಿ ಫೋನ್ ನೋಡುತ್ತಾರೆಯೇ? ಸ್ಕೂಟರ್ ಹತ್ತಿ ಇಬ್ಬರೂ ರಕ್ತನಿಧಿಗೆ ಓಡಿದೆವು, ಬಂದವರ ಕೈಕಾಲು ಹಿಡಿದಾದರೂ ಕ್ಷಮೆ ಕೇಳೋಣ ಎಂದು.

ಬಿಣಗಾದಿಂದ ಕಾರ್ಖಾನೆಯ ಒಬ್ಬರು ಬಂದಿದ್ದರು, ಸಮವಸ್ತ್ರದಲ್ಲೇ. "ಪಾಳಿ ಬಿಟ್ಕಂಡು ಓಡಿ ಬಂದೆ, ನಿಮ್ಗೆ ಇದು ಆಟವಾ?" ಎಂದು ನನ್ನ ಮೇಲೆ ಕೂಗಾಡಿದರು. ಕೂಗಾಡಲಿ ಅನ್ನಿಸಿತು. ಅಮದಳ್ಳಿಯ ಒಬ್ಬ ಟೀಚರ್ ಮಾತ್ರ, ರೋಗಿ ಇಲ್ಲದಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ನನ್ನ ಬೆನ್ನು ತಟ್ಟಿ ಹೋದರು. ಅವರು ಹೋದ ಮೇಲೆ ಬಾಗಿಲಲ್ಲಿ ನೀನು ನಿಂತಿದ್ದೆ. ಅಂಗಿಯ ತೋಳು ಆಗಲೇ ಮಡಚಿಕೊಂಡಿದ್ದೆ. ಏದುಸಿರು ಬಿಡುತ್ತಿದ್ದೆ. ನಿನ್ನ ಮುಖಕ್ಕಿಂತ ಮೊದಲು ನಾನು ನಿನ್ನ ದನಿಯನ್ನು ಗುರುತು ಹಿಡಿದೆ. "ಗೋದಾವರಿ ಯಾವ ವಾರ್ಡಲ್ಲಿ?" ಎಂದು ನೀನು ಕೇಳಿದೆ. ನನ್ನನ್ನು ನೀನು ನೋಡಲೇ ಇಲ್ಲ, ನನ್ನ ಹಿಂದಿನ ಬಾಗಿಲುಗಳನ್ನು ನೋಡುತ್ತಿದ್ದೆ. ನಾನು ಎಲ್ಲರಿಗೂ ಹೇಳಿದ ಮಾತನ್ನೇ ಹೇಳಿದೆ: ಅಂಥ ರೋಗಿ ಇಲ್ಲ, ಕಂಪ್ಯೂಟರಿನಲ್ಲಿ ನಮ್ಮಿಂದ ತಪ್ಪಾಗಿದೆ. ಆಗ ನೀನು ಅಂದದ್ದು ಈಗಲೂ ಕಿವಿಯಲ್ಲಿದೆ. "ಸುಳ್ಳು ಹೇಳ್ಬೇಡ ಮಗಾ. ಜೀವ ಅದೆಯೋ ಇಲ್ವೋ, ಅದೊಂದು ಹೇಳು."

ಜೀವ ಇದೆ, ಮನೆಯಲ್ಲಿದ್ದಾಳೆ, ಬೆಳಿಗ್ಗೆ ನನಗೆ ಡಬ್ಬಿ ಕಟ್ಟಿ ಕೊಟ್ಟಿದ್ದಾಳೆ ಎಂದೆ. ನೀನು ಬೆಂಚಿನ ಮೇಲೆ ಕೂತುಬಿಟ್ಟೆ. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದೆ. ಕನ್ನಡಕ ತೆಗೆದರೆ ಗುರುತು ಸಿಗುತ್ತದೋ ಏನೋ ಎಂದು ನಾನು ತೆಗೆದೂ ಬಿಟ್ಟೆ, ಹುಚ್ಚಿಯ ಹಾಗೆ. "ದೀಪಾ" ಅಂದೆಯಲ್ಲ, ಅಷ್ಟೇ ನೀನು ಆಡಿದ್ದು. ನನ್ನ ತಲೆಯ ಮೇಲೆ ಇಡಲು ಎತ್ತಿದ ಕೈಯಲ್ಲಿ ಮಸಿ ಕಂಡು ನೀನೇ ಹಿಂದಕ್ಕೆ ತೆಗೆದುಕೊಂಡೆ. ನಾನು ಅಲ್ಲಾಡದೆ ನಿಂತಿದ್ದೆ. ಸಿಟ್ಟಲ್ಲ ಅಪ್ಪಾ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಹೊರಗೆ ಹೋಗಿಯಾಗಿತ್ತು. ರಸ್ತೆಗೆ ಓಡಿ ಬಂದೆ, ಸಿಗಲಿಲ್ಲ. ದಾನಿಗಳ ಪಟ್ಟಿಯಲ್ಲಿದ್ದ ನಿನ್ನ ನಂಬರಿಗೆ ಆಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ, ಸ್ವಿಚ್ ಆಫ್ ಬರುತ್ತಿದೆ. ಅದಕ್ಕೇ ಈ ಪತ್ರ.

ನೀನು ಮಾಜಾಳಿಯ ಬೋಟ್ ವರ್ಕ್‌ಶಾಪಿನಲ್ಲಿದ್ದೀಯೆ ಎಂದು ಹೇಳಿದವರು ರಕ್ತನಿಧಿಯ ವೇದಾವತಿ ಸಿಸ್ಟರ್. ಕಳೆದ ವರ್ಷ ಮಲ್ಪೆಯಿಂದ ಈ ಕಡೆಗೆ ಬಂದೆಯಂತೆ. ಆಗಾಗ ಬಂದು ರಕ್ತ ಕೊಟ್ಟು ಹೋಗುತ್ತೀಯಂತೆ. ಪ್ರತಿ ಸಲವೂ ಒಂದೇ ಮಾತು ಕೇಳುತ್ತೀಯಂತೆ, "ಹೆರಿಗೆ ವಾರ್ಡಿಗೆ ಕೊಡ್ತ್ರಾ?" ಎಂದು. ಸಿಸ್ಟರ್ ಅದನ್ನು ನಗುತ್ತಾ ಹೇಳಿದರು, ಅವರಿಗೇನು ಗೊತ್ತು? ನಾನು ಏಳನೇ ಇಯತ್ತೆಯಲ್ಲಿದ್ದ ವರ್ಷ, ತಮ್ಮ ಹೊಟ್ಟೆಯಲ್ಲಿದ್ದ ಅಮ್ಮನಿಗೆ ದಿನ ತುಂಬುವ ಮೊದಲೇ ರಕ್ತ ಹೋಗಲು ಶುರುವಾದಾಗ ನೀನು ಯಾರದೋ ಬೋಟಿನ ಎಂಜಿನ್ ರಿಪೇರಿಗೆ ಮಲ್ಪೆಯಲ್ಲಿದ್ದೆ. ನಿನ್ನದೂ ಅಮ್ಮನದೂ ಒಂದೇ ಗುಂಪು. ನೀನು ಇಲ್ಲೇ ಇದ್ದಿದ್ದರೆ ಎಂದು ಅಜ್ಜಿ ಎಷ್ಟು ಜನರ ಮುಂದೆ ಹೇಳಿದಳೋ. ರಕ್ತ ಸಿಗುವುದು ತಡವಾಯಿತು, ತಮ್ಮ ಉಳಿಯಲಿಲ್ಲ. ನೀನು ಬಂದಾಗ ಅಮ್ಮ ಆಸ್ಪತ್ರೆಯ ಹಾಸಿಗೆಯಿಂದಲೇ, "ನಿಮ್ಮ ಮುಖ ನಂಗೆ ತೋರಿಸ್ಬೇಡಿ" ಎಂದು ಕೂಗಿದಳು. ನಾನು ಬಾಗಿಲ ಮರೆಯಲ್ಲಿದ್ದೆ. ಅವಳನ್ನು ಮನೆಗೆ ಕರೆತಂದು ಬಿಟ್ಟು, ಬಾವಿಯಿಂದ ನೀರು ಸೇದಿ ಹಂಡೆಗಳನ್ನೆಲ್ಲ ತುಂಬಿಸಿ, ನೀನು ಹೊರಟು ಹೋದೆ. ಆಮೇಲೆ ಬಂದ ಮನಿಯಾರ್ಡರುಗಳನ್ನು ಅಮ್ಮ ತಿರುಗಿ ಕಳಿಸಿದಳು. ಕೆಲ ಕಾಲದ ನಂತರ ಅವೂ ನಿಂತವು. ನಿನಗೆ ಅಲ್ಲೆಲ್ಲೋ ಬೇರೆ ಸಂಸಾರವಾಗಿದೆ ಎಂದು ಊರವರು ಹೇಳಿದರು, ನಾವೂ ನಂಬಿದೆವು.

ಶುಕ್ರವಾರ ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಬಂಗಡೆ ಕೊಯ್ಯುತ್ತಿದ್ದಳು. ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತು, ಅಪ್ಪ ಬಂದಿದ್ದ ಎಂದುಬಿಟ್ಟೆ. ಅವಳ ಕೈ ನಿಂತಿತು. ನಡೆದದ್ದನ್ನು ಹೇಳತೊಡಗಿದೆ. ಬೆಕ್ಕು ಬಂದು ಮೀನು ಎಳೆದರೂ ಅಟ್ಟಲಿಲ್ಲ. ಕೊನೆಗೆ, "ಬಡಕಲಾಗಿದ್ರಾ?" ಎಂದು ಕೇಳಿದಳು. ಹೌದು ಎಂದೆ. ಹೆರಿಗೆ ವಾರ್ಡಿನ ಮಾತು ಹೇಳಿದ್ದೇ ತಡ, ಎದ್ದು ಒಳಗೆ ಹೋದಳು. ಅಡಿಗೆಮನೆಯಿಂದ ಅವಳು ಬೈಯುವುದು ಕೇಳಿಸಿತು. "ಸಂಕಟದಾಗೆ ಒಂದು ಮಾತು ಅಂದೆ. ಅದನ್ನ ಇಷ್ಟು ವರ್ಷ ಹಿಡ್ಕಂಡು ಕೂತ್ರಾ ಈ ಮನುಷ್ಯ? ನಂಗೆ ಮಗು ಹೋದ ಹಾಗೆ ಅವ್ರಿಗೂ ಹೋಗಿತ್ತಲ್ಲ, ಒಂದು ದಿನ ಬಂದು ಎದ್ರಿಗೆ ಕೂತು ಅಳ್ಲಿಕ್ಕೆ ಏನಾಗಿತ್ತು?" ಆಮೇಲೆ ಬೈಗುಳ ನಿಂತು ಬೇರೆಯೇ ಸದ್ದು ಬಂತು. ನಾನು ಒಳಗೆ ಹೋಗಲಿಲ್ಲ.

ನನ್ನ ಕೆಲಸ ಉಳಿದಿದೆ. ಶನಿವಾರ ರಕ್ತನಿಧಿಯ ವೈದ್ಯರು ನಮ್ಮಿಬ್ಬರನ್ನೂ ನಿಲ್ಲಿಸಿ ಬೈದರು, ಪ್ರೋಗ್ರಾಮೇ ಬೇಡ ಎಂದರು. ಸತೀಶ ಸರ್ ತಪ್ಪು ತಮ್ಮದೆಂದು ಹೇಳಿ ಒಂದು ತಿಂಗಳು ಸಮಯ ಬೇಡಿಕೊಂಡಿದ್ದಾರೆ. ನಿಜವಾದ ಪಟ್ಟಿಯನ್ನು ನನ್ನ ಕಂಪ್ಯೂಟರಿನಿಂದಲೇ ತೆಗೆದುಹಾಕಿದೆ. ಇನ್ನು ಮೇಲೆ ಅದನ್ನು ಓಡಿಸಬೇಕಾದರೆ ರಕ್ತನಿಧಿಯವರೇ ಅಲ್ಲಿ ಕೂತು, ಗುಪ್ತ ಸಂಖ್ಯೆ ಹಾಕಿ, ರೋಗಿಯ ಹೆಸರನ್ನು ಎರಡನೇ ಸಲ ಬರೆಯಬೇಕು. ಅಷ್ಟು ಜನರನ್ನು ಸುಳ್ಳೇ ಓಡಿಸಿದೆನಲ್ಲ ಎಂದು ನಾಚಿಕೆಯಾಗುತ್ತದೆ. ನಿನ್ನನ್ನು ಓಡಿಸಿದ್ದಕ್ಕೆ ಮಾತ್ರ ಏನು ಅನ್ನಿಸುತ್ತಿದೆ ಎಂದು ನನಗೇ ಹೇಳಲು ಬರುತ್ತಿಲ್ಲ.

ಶುಕ್ರವಾರವೇ ಕಾಲು ಮುಟ್ಟಬೇಕಿತ್ತು, ಆಗಲಿಲ್ಲ. ಇಲ್ಲಿಂದಲೇ ಮುಟ್ಟುತ್ತಿದ್ದೇನೆ. ಫೋನ್ ಚಾಲೂ ಮಾಡು ಅಪ್ಪಾ.

ನಿನ್ನ ಮಗಳು,
ದೀಪಾಲಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಕಸಿದುಕೊಂಡು ಓದಿದಳು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಅವಳೇ ಮಾಜಾಳಿಗೆ ಬರುತ್ತಾಳಂತೆ. ಒಬ್ಬಳೇ; ನಾನು ಬರುವುದು ಬೇಡವಂತೆ. ಅವಳು ಬೈಯುತ್ತಾಳೆ, ಖಂಡಿತ ಬೈಯುತ್ತಾಳೆ. ನಿಂತು ಪೂರ್ತಿ ಕೇಳಿಸಿಕೋ. ಏನೇ ಅಂದರೂ ಎಲ್ಲಿಗೂ ಹೋಗಬೇಡ.